ಮೂವತ್ತು ಅಡಿಯ ಲೆಕ್ಕ

ಚೌಕಾಬಾರದ ಮನೆಗಳ ಸುತ್ತ ಕುಳಿತ ಮಕ್ಕಳ ಜಗಳ ಕೇಳಿಸದ ಮನೆ ಇರಲಾರದು. ಕಾಯಿ ಕಟ್ಟೆಯಲ್ಲಿತ್ತೇ ಇಲ್ಲವೇ ಎಂಬುದು ಅಲ್ಲಿಯ ವಿವಾದ. ಕುಂಟೆಬಿಲ್ಲೆಯಲ್ಲಿ ಕಾಲ್ಬೆರಳು ಗೆರೆಯನ್ನು ಮೆಟ್ಟಿತೇ ಎಂಬುದು, ಕಬಡ್ಡಿಯಲ್ಲಿ ಗೆರೆ ದಾಟುವ ಮೊದಲೇ ಉಸಿರು ಮುರಿಯಿತೇ ಎಂಬುದು ವಿವಾದ. ಗೆಲ್ಲುವ ಹಟವೇ ಜಗಳದ ಮೂಲವೆಂದು ಹಿರಿಯರು ತೀರ್ಮಾನಿಸಿ ಕೆಲವೊಮ್ಮೆ ಆಟವನ್ನೇ ನಿಲ್ಲಿಸಿಬಿಡುತ್ತಾರೆ. ಆದರೆ ಇಂಥ ಬಹುಪಾಲು ಜಗಳಗಳ ಬುಡದಲ್ಲಿರುವುದು ಒಂದು ನ್ಯಾಯವಾದ ಪ್ರಶ್ನೆ: ಯಾರು, ಯಾವಾಗ, ಎಷ್ಟು ದೂರ ಸರಿಯಬಹುದು? ಸರಿಯುವಾಗ ಅವರಿಗೆ ಏನಾಗಬಹುದು?

ಈ ಪ್ರಶ್ನೆಯನ್ನು ಅತ್ಯಂತ ವಿಸ್ತಾರವಾಗಿ ಬರೆದಿಟ್ಟಿರುವ ಆಟಗಳಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಒಂದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದಿಂದ ಪ್ರಕಟವಾಯಿತು. ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯನ್ನು ನೋಡಿದ ಮಕ್ಕಳಿಗೆ ಇದರ ಹೆಸರು ಅಪರಿಚಿತವಲ್ಲ. ಹಿರಿಯರಿಗೆ ಇದನ್ನು ವಿವರಿಸಲು ಕಾಸರಗೋಡಿನ ನೆಲದಲ್ಲಿ ಸುಲಭವಾದ ದಾರಿಯೊಂದಿದೆ. ತಾಳಮದ್ದಳೆಯಲ್ಲಿ ಅರ್ಥಧಾರಿಯು ವೇಷ ಕಟ್ಟದೆ, ಕುಳಿತಲ್ಲಿಂದಲೇ ಕರ್ಣನಾಗಿ ಅಥವಾ ಕೃಷ್ಣನಾಗಿ ಮಾತನಾಡುತ್ತಾನೆ. ಆ ಮಾತನ್ನು ಅವನು ಅಲ್ಲಿಯೇ ಹುಟ್ಟಿಸಿಕೊಳ್ಳುತ್ತಾನೆ. ಈ ಆಟದಲ್ಲಿಯೂ ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಭಾಗವತನಂತೆ ಪ್ರಸಂಗವನ್ನು ಮುನ್ನಡೆಸುವವನೊಬ್ಬನಿರುತ್ತಾನೆ. ಅವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು. ಇಲ್ಲಿ ಅವನನ್ನು ನಿರ್ವಾಹಕನೆಂದು ಕರೆಯೋಣ. ವ್ಯತ್ಯಾಸವಿರುವುದು ಕೊನೆಯಲ್ಲಿ. ಕರ್ಣಪರ್ವದ ಪ್ರಸಂಗದಲ್ಲಿ ಕರ್ಣನ ಗತಿ ಎಲ್ಲರಿಗೂ ಮೊದಲೇ ಗೊತ್ತು. ಈ ಆಟದಲ್ಲಿ ಯಾರ ಗತಿಯೂ ಮೊದಲೇ ನಿಶ್ಚಯವಾಗಿರುವುದಿಲ್ಲ. ಅದನ್ನು ಇಪ್ಪತ್ತು ಮುಖದ ದಾಳವೂ ಬರೆದಿಟ್ಟ ನಿಯಮವೂ ಸೇರಿ ನಿರ್ಣಯಿಸುತ್ತವೆ.

ಕಥೆ ಸಾಗುತ್ತಿರುವಾಗ ನಿಯಮದ ಅವಶ್ಯಕತೆ ಕಡಿಮೆ. ಕಾಳಗ ಆರಂಭವಾದೊಡನೆ ಚಿತ್ರ ಬದಲಾಗುತ್ತದೆ. ಚೌಕಗಳನ್ನು ಎಳೆದ ಹಾಳೆಯೊಂದು ಮೇಜಿನ ಮೇಲೆ ಬರುತ್ತದೆ; ಒಂದು ಚೌಕಕ್ಕೆ 5 ಅಡಿಯ ಲೆಕ್ಕ. ಪ್ರತಿಯೊಂದು ಪಾತ್ರಕ್ಕೂ ಒಂದು ಬೊಂಬೆ ಅಥವಾ ಗುಂಡಿ. ಆಗ ‘ನಾನು ಓಡಿಹೋಗಿ ಗೆಳೆಯನನ್ನು ಕಾಪಾಡುತ್ತೇನೆ’ ಎಂದರೆ ಸಾಲದು. ಎಷ್ಟು ಚೌಕ, ಯಾವ ದಾರಿಯಲ್ಲಿ, ಯಾರ ಪಕ್ಕದಿಂದ ಎಂಬುದನ್ನು ಹೇಳಬೇಕಾಗುತ್ತದೆ. ಪಾತ್ರವೊಂದು ಬದುಕುವುದೂ ಸಾಯುವುದೂ ಆ ಲೆಕ್ಕದ ಮೇಲೆ ನಿಂತಿರುತ್ತದೆ.

ನಿಯಮವನ್ನು ಎಷ್ಟು ಬರೆದಿಡಬೇಕು, ನಿರ್ವಾಹಕನ ವಿವೇಚನೆಗೆ ಎಷ್ಟು ಬಿಡಬೇಕು ಎಂಬ ಚರ್ಚೆ ಈ ಆಟಕ್ಕಿಂತ ಹಳೆಯದು. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ ಎಂಬಾತ ಸೈನಿಕ ತರಬೇತಿಗಾಗಿ ‘ಕ್ರೀಗ್‌ಸ್ಪೀಲ್’ ಎಂಬ ಯುದ್ಧಾಟವನ್ನು ಪ್ರಕಟಿಸಿದ. ಅದರ ಭೂಪಟದ ಪ್ರಮಾಣ 1:8000. ಒಂದು ಸರದಿ ಎಂದರೆ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಕಾಲಾಳು ಎಷ್ಟು ದೂರ, ಕುದುರೆ ಎಷ್ಟು ದೂರ ಎಂಬುದಕ್ಕೆ ಲಿಖಿತ ಲೆಕ್ಕವಿತ್ತು. ನಿಯಮಗಳು ತೀರ ತೊಡಕಾದವೆಂಬ ದೂರು ಕ್ರಮೇಣ ಎದ್ದಿತು. 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಇನ್ನೊಬ್ಬ ಪ್ರಷ್ಯನ್ ಅಧಿಕಾರಿ ಬಹುಪಾಲು ನಿಯಮಗಳನ್ನು ಬದಿಗಿಟ್ಟು, ಅನುಭವಿ ನಿರ್ಣಾಯಕನ ತೀರ್ಮಾನವೇ ಸಾಕೆಂಬ ಪದ್ಧತಿಯನ್ನು ಮುಂದಿಟ್ಟ. ಇಂದಿನ ಪಾತ್ರಧಾರಣೆಯ ಆಟಗಳು ಈ ಎರಡರ ನಡುವೆ ನಿಂತಿವೆ. ನಿಯಮ ಪುಸ್ತಕವೂ ಇದೆ, ನಿರ್ಣಾಯಕನೂ ಇದ್ದಾನೆ. ಪುಸ್ತಕದ ಮಾತು ಎಲ್ಲಿ ಮುಗಿದು ನಿರ್ಣಾಯಕನ ಮಾತು ಎಲ್ಲಿ ಆರಂಭವಾಗುತ್ತದೆ ಎಂಬುದು ತಿಳಿಯದಿದ್ದಲ್ಲಿ ಜಗಳ ಹುಟ್ಟುತ್ತದೆ.

ಚಲನೆಯ ನಿಯಮಗಳನ್ನು ಮೊದಲು ನೋಡೋಣ. ಇಲ್ಲಿ ಹೇಳುವುದು 2014ರಲ್ಲಿ ಬಂದ ಐದನೆಯ ಆವೃತ್ತಿಯ ನಿಯಮ. 2024ರ ಪರಿಷ್ಕರಣೆಯಲ್ಲಿ ಬದಲಾದ ಕಡೆ ಅದನ್ನು ಬೇರೆಯಾಗಿ ಹೇಳಲಾಗುವುದು.

ಕಾಳಗದ ಒಂದು ಸುತ್ತು ಸುಮಾರು 6 ಸೆಕೆಂಡುಗಳದ್ದು. ಆ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಸರದಿ. ಒಂದು ಸರದಿಯಲ್ಲಿ ಪಾತ್ರವು ತನ್ನ ವೇಗದಷ್ಟು ದೂರ ಚಲಿಸಬಹುದು, ಜೊತೆಗೆ ಒಂದು ಕ್ರಿಯೆಯನ್ನು ಮಾಡಬಹುದು. ಮನುಷ್ಯನ ವೇಗ 30 ಅಡಿ, ಅಂದರೆ ಆರು ಚೌಕ. ಈ 30 ಅಡಿಯನ್ನು ಒಂದೇ ಉಸಿರಿಗೆ ಮುಗಿಸಬೇಕಾಗಿಲ್ಲ. 10 ಅಡಿ ಮುಂದೆ ಹೋಗಿ, ಹೊಡೆದು, ಉಳಿದ 20 ಅಡಿಯನ್ನು ಬೇರೆ ಕಡೆಗೆ ಬಳಸಬಹುದು. ವೇಗವನ್ನು ಕೈಯಲ್ಲಿರುವ ಹಣದಂತೆ ಭಾವಿಸಿದರೆ ಮುಂದಿನದೆಲ್ಲ ಸುಲಭ. ಪ್ರತಿ ಸರದಿಗೂ 30 ರೂಪಾಯಿ. ಉಳಿದದ್ದನ್ನು ಮುಂದಿನ ಸರದಿಗೆ ಕೂಡಿಡುವಂತಿಲ್ಲ.

ಖರ್ಚಿನ ಪಟ್ಟಿ ಹೀಗಿದೆ. ಸಾಧಾರಣ ನೆಲದಲ್ಲಿ ಒಂದು ಚೌಕಕ್ಕೆ 5. ಕಲ್ಲುರಾಶಿ, ಪೊದೆ, ಕೆಸರು, ಕಡಿದಾದ ಮೆಟ್ಟಿಲು ಮುಂತಾದ ದುರ್ಗಮ ನೆಲದಲ್ಲಿ ಒಂದು ಚೌಕಕ್ಕೆ 10. ಒಂದೇ ಚೌಕದಲ್ಲಿ ಕೆಸರೂ ಪೊದೆಯೂ ಇದ್ದರೂ ಅದು 10ಕ್ಕಿಂತ ಹೆಚ್ಚಾಗುವುದಿಲ್ಲ. ನೆಲಕ್ಕೆ ಬಿದ್ದವನು ಎದ್ದು ನಿಲ್ಲಲು ತನ್ನ ವೇಗದ ಅರ್ಧವನ್ನು, ಅಂದರೆ 30ರ ವೇಗದವನು 15ನ್ನು ತೆರಬೇಕು. ಈ ಅರ್ಧವು ವೇಗದ ಅರ್ಧ. ಉಳಿದಿರುವ ಮೊತ್ತದ ಅರ್ಧವಲ್ಲ. ಏಳದೆ ತೆವಳುವುದಾದರೆ ಪ್ರತಿ ಚೌಕಕ್ಕೆ 10, ದುರ್ಗಮ ನೆಲದಲ್ಲಿ ತೆವಳಿದರೆ 15. ‘ಡ್ಯಾಶ್’ ಎಂಬ ಓಟದ ಕ್ರಿಯೆಯನ್ನು ಆರಿಸಿಕೊಂಡರೆ ಆ ಸರದಿಗೆ ವೇಗದಷ್ಟೇ ಇನ್ನೊಂದು ಪಾಲು ದೊರೆಯುತ್ತದೆ. ಆದರೆ ಹೊಡೆಯುವ ಕ್ರಿಯೆ ತಪ್ಪುತ್ತದೆ. ಓಟದಿಂದ ಕೈಗೆ ಹೆಚ್ಚು ಹಣ ಬಂದಂತಾಗುತ್ತದೆಯೇ ಹೊರತು ವೇಗವೇ 60 ಆಗುವುದಿಲ್ಲ. ಹಾಗಾಗಿ ಏಳುವ ಖರ್ಚು ಆಗಲೂ 15 ಮಾತ್ರ.

ಇನ್ನು ಅಪಾಯದ ಲೆಕ್ಕ. ವೈರಿಯ ಆಯುಧ ಎಟಕುವ ದೂರದಿಂದ ಹೊರಗೆ ಕಾಲಿಟ್ಟರೆ, ಹಾಗೆ ಹೋಗುವುದನ್ನು ಕಾಣುತ್ತಿರುವ ವೈರಿಯು ತನ್ನ ‘ಪ್ರತಿಕ್ರಿಯೆ’ಯನ್ನು ಬಳಸಿ ಒಂದು ಹೊಡೆತ ಹೊಡೆಯಬಹುದು. ಇದಕ್ಕೆ ಅವಕಾಶದ ಹೊಡೆತ ಎನ್ನಬಹುದು. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಹೊಡೆತ ಬೀಳುವುದು ಎಟಕಿನಿಂದ ಹೊರಗೆ ಹೋಗುವಾಗ ಮಾತ್ರ. ಎಟಕಿನ ಒಳಗೇ ವೈರಿಯನ್ನು ಸುತ್ತಿದರೆ ಬೀಳುವುದಿಲ್ಲ. ಅದು ಹೊರಗೆ ಕಾಲಿಡುವ ಮುನ್ನಿನ ಕ್ಷಣದಲ್ಲಿ ಬೀಳುತ್ತದೆ, ಆದುದರಿಂದ ಆ ಹೊಡೆತಕ್ಕೆ ಕುಸಿದವನು ಹಳೆಯ ಚೌಕದಲ್ಲಿಯೇ ಕುಸಿಯುತ್ತಾನೆ. ಮೂರನೆಯದಾಗಿ, ವೈರಿಗೆ ತನ್ನ ಮುಂದಿನ ಸರದಿ ಬರುವವರೆಗೆ ಇರುವುದು ಒಂದೇ ಪ್ರತಿಕ್ರಿಯೆ. ಒಬ್ಬನನ್ನು ಹೊಡೆದರೆ ಇನ್ನೊಬ್ಬನನ್ನು ತಡೆಯಲಾರ. ಇದರಿಂದ ಪಾರಾಗಲು ‘ಡಿಸ್‌ಎಂಗೇಜ್’ ಎಂಬ ಕ್ರಿಯೆಯಿದೆ. ಅದನ್ನು ಆರಿಸಿಕೊಂಡವನು ಎಚ್ಚರದಿಂದ ಹಿಂದೆ ಸರಿಯುತ್ತಾನೆ. ಆ ಸರದಿಯಲ್ಲಿ ಅವನ ಚಲನೆಗೆ ಅವಕಾಶದ ಹೊಡೆತವಿಲ್ಲ.

ಈಗ ಒಂದು ಪ್ರಕರಣ. ಖಡ್ಗಧಾರಿಯೊಬ್ಬ ನೆಲಕ್ಕೆ ಬಿದ್ದಿದ್ದಾನೆ, ವೇಗ 30. ಪಕ್ಕದ ಚೌಕದಲ್ಲಿ ಗಾಬ್ಲಿನ್ ಎಂಬ ಕುಳ್ಳ ವೈರಿ ಕತ್ತಿ ಹಿಡಿದು ನಿಂತಿದೆ. ಅದಕ್ಕೆ ವಿರುದ್ಧ ದಿಕ್ಕಿನಲ್ಲಿ, ಐದನೆಯ ಚೌಕದಲ್ಲಿ, ಖಡ್ಗಧಾರಿಯ ಗೆಳತಿ ಗಾಯಗೊಂಡು ಬಿದ್ದಿದ್ದಾಳೆ. ಅವಳ ಬಳಿ ಸೇರಲು ನಾಲ್ಕು ಚೌಕ ನಡೆಯಬೇಕು. ಮೊದಲನೆಯದು ಬರಿ ನೆಲ, ಎರಡನೆಯದು ಕಲ್ಲುರಾಶಿ, ಮೂರನೆಯದರಲ್ಲಿ ಸ್ವಪಕ್ಷದ ಬಿಲ್ಲುಗಾರ ನಿಂತಿದ್ದಾನೆ, ನಾಲ್ಕನೆಯದು ಬರಿ ನೆಲ.

ಮೇಜಿನ ಸುತ್ತ ಏಳಬಹುದಾದ ವಾದಗಳನ್ನು ಊಹಿಸುವುದು ಕಷ್ಟವಲ್ಲ. ‘ನಾಲ್ಕು ಚೌಕವೆಂದರೆ 20 ಅಡಿ, ನನ್ನ ವೇಗ 30, ಹೋಗಿಯೇ ಬಿಟ್ಟೆ’ ಎಂದು ಒಬ್ಬ. ‘ಏಳುವಾಗಲೇ ಗಾಬ್ಲಿನ್ ನಿನ್ನನ್ನು ಹೊಡೆಯುತ್ತದೆ’ ಎಂದು ಇನ್ನೊಬ್ಬ. ‘ಬಿಲ್ಲುಗಾರ ದಾರಿಗೆ ಅಡ್ಡವಾಗಿದ್ದಾನೆ, ದಾಟಲಾಗದು’ ಎಂದು ಮತ್ತೊಬ್ಬ. ದನಿ ದೊಡ್ಡದಾದವನ ಮಾತು ನಡೆಯುತ್ತದೆ.

ಪುಸ್ತಕ ತೆರೆದರೆ ದೊರೆಯುವ ಉತ್ತರ ಬೇರೆ. ಏಳುವುದಕ್ಕೆ 15. ಏಳುವುದು ಎಟಕಿನಿಂದ ಹೊರಗೆ ಹೋಗುವುದಲ್ಲವಾದ್ದರಿಂದ ಅದಕ್ಕೆ ಹೊಡೆತವಿಲ್ಲ. ಮೊದಲ ಚೌಕಕ್ಕೆ 5, ಕಲ್ಲುರಾಶಿಗೆ 10. ಅಲ್ಲಿಗೆ 30 ತೀರಿತು. ಖಡ್ಗಧಾರಿ ಎರಡನೆಯ ಚೌಕದಲ್ಲಿ ನಿಂತುಬಿಡುತ್ತಾನೆ. ಓಟದ ಕ್ರಿಯೆಯನ್ನು ಆರಿಸಿಕೊಂಡರೆ ಇನ್ನೂ 30 ಬರುತ್ತದೆ. ಸ್ವಪಕ್ಷದವನು ನಿಂತ ಚೌಕವನ್ನು ಹಾದುಹೋಗಬಹುದು, ಅಲ್ಲಿಯೇ ಚಲನೆಯನ್ನು ಮುಗಿಸುವಂತಿಲ್ಲ. ಹಾದುಹೋಗುವ ಖರ್ಚು 2014ರ ನಿಯಮದಂತೆ 10, 2024ರ ನಿಯಮದಂತೆ 5. ಕೊನೆಯ ಚೌಕಕ್ಕೆ 5. ಒಟ್ಟು ಖರ್ಚು 45 ಅಥವಾ 40, ಕೈಯಲ್ಲಿರುವುದು 60. ಗೆಳತಿಯ ಬಳಿ ತಲುಪಿದನು. ಆದರೆ ಕ್ರಿಯೆ ಓಟಕ್ಕೆ ಹೋದುದರಿಂದ ಎಚ್ಚರದ ಸರಿತಕ್ಕೆ ಉಳಿದಿಲ್ಲ. ಮೊದಲ ಹೆಜ್ಜೆಯಲ್ಲಿಯೇ ಗಾಬ್ಲಿನ್ ಹೊಡೆಯಬಹುದು. ಎಚ್ಚರದಿಂದ ಸರಿದರೆ ಹೊಡೆತವಿಲ್ಲ, ಆದರೆ ಕಲ್ಲುರಾಶಿಯಿಂದ ಮುಂದೆ ಹೋಗಲಾಗದು.

ನಿಯಮ ಸ್ಪಷ್ಟವಾದಾಗ ಜಗಳದ ಜಾಗದಲ್ಲಿ ಉಳಿಯುವುದು ಒಂದು ಆಯ್ಕೆ. ಹೊಡೆತದ ಅಪಾಯವನ್ನು ಹೊತ್ತು ಗೆಳತಿಯನ್ನು ತಲುಪುವುದೇ, ಸುರಕ್ಷಿತವಾಗಿ ಅರ್ಧ ದಾರಿಯಲ್ಲಿ ನಿಲ್ಲುವುದೇ? ಖಡ್ಗಧಾರಿ ಎಂಥವನು ಎಂಬುದು ಆ ಆಯ್ಕೆಯಲ್ಲಿ ತಿಳಿಯುತ್ತದೆ. ಖರ್ಚು ಗೊತ್ತಿಲ್ಲದವನು ತೋರುವ ಧೈರ್ಯಕ್ಕೆ ಆಟದಲ್ಲಿ ಬೆಲೆಯಿಲ್ಲ.

ಮೇಲಿನ ವಾದಗಳು ಪೂರ್ತಿ ಆಧಾರವಿಲ್ಲದವು ಎಂದೂ ಹೇಳುವಂತಿಲ್ಲ. ಏಳುವಾಗ ಹೊಡೆತ ಬೀಳುತ್ತದೆ ಎಂದವನು ಪ್ರಾಯಶಃ 2003ರ ಪರಿಷ್ಕೃತ ಮೂರನೆಯ ಆವೃತ್ತಿಯನ್ನು ಆಡಿದವನು. ಅದರಲ್ಲಿ ಆ ನಿಯಮ ನಿಜಕ್ಕೂ ಇತ್ತು. ಅದೇ ಆವೃತ್ತಿಯಲ್ಲಿ ಓರೆಯಾಗಿ ಚಲಿಸುವಾಗ ಮೊದಲ ಚೌಕಕ್ಕೆ 5 ಅಡಿ, ಎರಡನೆಯದಕ್ಕೆ 10, ಮತ್ತೆ 5, ಮತ್ತೆ 10 ಎಂದು ಎಣಿಸುತ್ತಿದ್ದರು. ಐದನೆಯ ಆವೃತ್ತಿಯಲ್ಲಿ ಓರೆ ಚೌಕಕ್ಕೂ 5 ಎಂಬುದೇ ಸಾಮಾನ್ಯ ಲೆಕ್ಕ. 2014ರ ನಿರ್ವಾಹಕರ ಪುಸ್ತಕದಲ್ಲಿ ಹಳೆಯ ಎಣಿಕೆ ಐಚ್ಛಿಕವಾಗಿ ಉಳಿದಿದೆ. ಒಬ್ಬ ಹಳೆಯ ಕಾನೂನನ್ನು, ಇನ್ನೊಬ್ಬ ಹೊಸ ಕಾನೂನನ್ನು ಮನಸ್ಸಿನಲ್ಲಿಟ್ಟುಕೊಂಡು ವಾದಿಸುತ್ತಿದ್ದರೆ ಇಬ್ಬರೂ ಪ್ರಾಮಾಣಿಕರಾಗಿದ್ದೂ ಜಗಳ ಮುಗಿಯದು. ನ್ಯಾಯಾಲಯದಲ್ಲಿ ಕೇಳುವಂತೆ ಇಲ್ಲಿಯೂ ಮೊದಲು ಕೇಳಬೇಕಾದ ಪ್ರಶ್ನೆ, ಜಾರಿಯಲ್ಲಿರುವ ನಿಯಮ ಯಾವುದು ಎಂಬುದೇ.

ಎರಡನೆಯ ಪ್ರಶ್ನೆ, ಸಾಮಾನ್ಯ ವಿಧಿಗೆ ವಿಶೇಷ ವಿಧಿ ಏನಾದರೂ ಇದೆಯೇ ಎಂಬುದು. ವಿಶೇಷ ನಿಯಮವು ಸಾಮಾನ್ಯ ನಿಯಮವನ್ನು ಮೀರುತ್ತದೆ ಎಂದು ಈ ಆಟದ ಪುಸ್ತಕವೇ ಹೇಳುತ್ತದೆ. ನಮ್ಮ ವ್ಯಾಕರಣ ಶಾಸ್ತ್ರದಲ್ಲಿ ಉತ್ಸರ್ಗ ಮತ್ತು ಅಪವಾದ ಎಂದು ಕರೆಯುವುದು ಇದನ್ನೇ. ಕಾಯಿದೆಗಳನ್ನು ಅರ್ಥೈಸುವಾಗ ನ್ಯಾಯಾಧೀಶರು ಅನುಸರಿಸುವ ಸೂತ್ರಗಳಲ್ಲಿ ಇದೂ ಒಂದು. ಎಚ್ಚರದಿಂದ ಸರಿಯಲು ಪೂರ್ಣ ಕ್ರಿಯೆ ಬೇಕೆಂಬುದು ಉತ್ಸರ್ಗ. ಚುರುಕಾದ ಕಳ್ಳನ ಪಾತ್ರವು ಎರಡನೆಯ ಹಂತದಿಂದ ಅದನ್ನು ಹೆಚ್ಚುವರಿ ಕ್ರಿಯೆಯಾಗಿ ಮಾಡಬಹುದೆಂಬುದು ಅಪವಾದ. ಹೊಡೆದೂ ಕಳ್ಳನು ಪಾರಾಗುವುದನ್ನು ಕಂಡು ಖಡ್ಗಧಾರಿಯ ಆಟಗಾರ ಅನ್ಯಾಯವೆಂದು ಕೂಗಬೇಕಾಗಿಲ್ಲ. ಅದು ಆ ಪಾತ್ರಕ್ಕೆ ಪುಸ್ತಕ ಕೊಟ್ಟ ಹಕ್ಕು. ಖಡ್ಗಧಾರಿಗೂ ಅವನದೇ ಆದ ಬೇರೆ ಹಕ್ಕುಗಳಿವೆ.

ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿದ ಮೇಲೂ ಪುಸ್ತಕ ಮೌನವಾಗಿದ್ದರೆ ನಿರ್ವಾಹಕನ ವಿವೇಚನೆ ಬರುತ್ತದೆ. ಎಣ್ಣೆ ಚೆಲ್ಲಿದ ನೆಲವನ್ನು ದುರ್ಗಮವೆಂದು ಎಣಿಸಬೇಕೇ? ಮೇಜಿನ ಕೆಳಗೆ ನುಸುಳಲು ತೆವಳಬೇಕೇ? ಇಂಥವನ್ನು ಅವನೇ ತೀರ್ಮಾನಿಸಬೇಕು. ಆ ಅಧಿಕಾರವನ್ನು ಅವನು ಯಾವಾಗ ಬಳಸುತ್ತಾನೆ ಎಂಬುದರ ಮೇಲೆ ನ್ಯಾಯ ನಿಂತಿದೆ. ಆಟಗಾರ ಹೆಜ್ಜೆಯಿಡುವ ಮುನ್ನ ‘ಅಲ್ಲಿ ಎಣ್ಣೆಯಿದೆ, ಚೌಕಕ್ಕೆ 10 ಆಗುತ್ತದೆ, ಹೋಗುವೆಯಾ?’ ಎಂದು ಕೇಳಿದರೆ ಅದು ನಿಯಮ. ಹೆಜ್ಜೆಯಿಟ್ಟ ಮೇಲೆ ‘ಅಲ್ಲಿ ಎಣ್ಣೆಯಿತ್ತು, ನೀನು ಅರ್ಧ ದಾರಿಯಲ್ಲೇ ನಿಂತೆ, ಈಗ ವೈರಿ ಹೊಡೆಯುತ್ತಾನೆ’ ಎಂದರೆ ಅದು ಶಿಕ್ಷೆ. ಭಾರತ ಸಂವಿಧಾನದ 20(1)ನೆಯ ವಿಧಿ ಇದೇ ತತ್ತ್ವವನ್ನು ಗಂಭೀರವಾದ ನೆಲೆಯಲ್ಲಿ ಹೇಳುತ್ತದೆ: ಕೃತ್ಯ ನಡೆದ ಕಾಲದಲ್ಲಿ ಜಾರಿಯಲ್ಲಿದ್ದ ಕಾನೂನನ್ನು ಉಲ್ಲಂಘಿಸಿದ ಹೊರತು ಯಾರನ್ನೂ ಅಪರಾಧಿಯೆಂದು ನಿರ್ಣಯಿಸುವಂತಿಲ್ಲ. ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಈ ವಿಧಿಯ ಅರ್ಥವನ್ನು ಪಠ್ಯಪುಸ್ತಕದಿಂದ ಹೇಳಿಕೊಡುವುದು ಕಷ್ಟ. ಎಣ್ಣೆಯ ಚೌಕದಲ್ಲಿ ಒಮ್ಮೆ ಸಿಕ್ಕಿಕೊಂಡವಳಿಗೆ ಅದನ್ನು ವಿವರಿಸಬೇಕಾಗಿಯೇ ಇಲ್ಲ.

ನಿಯಮವನ್ನು ತನ್ನ ಲಾಭಕ್ಕೆ ಮಾತ್ರ ಎಳೆದು ಆಟವನ್ನು ಕೆಡಿಸುವವನಿಗೆ ಈ ಆಟದವರು ‘ರೂಲ್ಸ್ ಲಾಯರ್’ ಎಂದು ಹೆಸರಿಟ್ಟಿದ್ದಾರೆ. ವಕೀಲಿ ವೃತ್ತಿಗೆ ಇದು ಹೊಗಳಿಕೆಯೇನಲ್ಲ. ಆದರೆ ಅಂಥವನಿಗೆ ಬಲ ಬರುವುದು ಎಲ್ಲಿಂದ ಎಂದು ಯೋಚಿಸಬೇಕು. ನಿಯಮವು ಒಬ್ಬನಿಗೆ ಮಾತ್ರ ಗೊತ್ತಿದ್ದು ಉಳಿದವರಿಗೆ ಗೊತ್ತಿಲ್ಲದಿದ್ದಾಗ ಅವನು ಬಲಶಾಲಿಯಾಗುತ್ತಾನೆ. ಎಲ್ಲರ ಮುಂದೆಯೂ ನಿಯಮದ ಹಾಳೆಯಿದ್ದರೆ ಅವನ ಮಾತೂ ಉಳಿದವರ ಮಾತಿನಷ್ಟೇ ತೂಗುತ್ತದೆ.

ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯ ಸಂಬಂಧಿಸುವುದು ಇಲ್ಲಿಯೇ. ಆಟದ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ರಜೆಗೆಂದು ನಗರದಿಂದ ಬಂದ ಸೋದರಬಂಧು ಪುಸ್ತಕ ತಂದರೆ, ಇಂಗ್ಲಿಷನ್ನು ವೇಗವಾಗಿ ಓದಬಲ್ಲವನೇ ಮೇಜಿನ ನ್ಯಾಯಾಧೀಶನಾಗುತ್ತಾನೆ. ‘ಪುಸ್ತಕದಲ್ಲಿ ಹೀಗೆ ಬರೆದಿದೆ’ ಎಂದು ಅವನು ಹೇಳಿದರೆ ಇಲ್ಲಿನ ಹುಡುಗ ತಲೆಯಾಡಿಸುತ್ತಾನೆ. ಅವನ ಬುದ್ಧಿಗೆ ಕೊರತೆಯಿಲ್ಲ, ಓದಿ ತಾಳೆ ನೋಡುವ ಭಾಷೆ ಮಾತ್ರ ಅವನ ಕೈಯಲ್ಲಿಲ್ಲ. ತಮಗೆ ಓದಲು ಬಾರದ ಭಾಷೆಯ ನೋಟಿಸನ್ನು ಕೈಯಲ್ಲಿ ಹಿಡಿದು, ಓದಬಲ್ಲವರನ್ನು ಹುಡುಕಿ ಹೊರಟ ಅನುಭವ ಈ ಪತ್ರಿಕೆಯ ಓದುಗ ಕುಟುಂಬಗಳಲ್ಲಿ ಹಲವರಿಗೆ ಇದೆ. ನೋಟಿಸಿನಲ್ಲಿ ಏನಿದೆ ಎಂಬುದಕ್ಕಿಂತ, ಓದಿ ಹೇಳಿದವರು ಏನು ಹೇಳಿದರು ಎಂಬುದೇ ಆಗ ಕಾನೂನಾಗುತ್ತದೆ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುವುದು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂದು 350ಎ ವಿಧಿ ಹೇಳುವುದು ಈ ಅಸಮತೆಯನ್ನು ಕಂಡೇ.

ಸಂವಿಧಾನದ ವಿಧಿಗಳು ಆಟದ ಮೇಜಿಗೆ ಅನ್ವಯಿಸುವುದಿಲ್ಲ. ಆದರೆ ಅಲ್ಲಿಗೆ ಬೇರೊಂದು ಅನುಕೂಲ ಒದಗಿಬಂದಿದೆ. ಆಟದ ಒಡೆತನವಿರುವ ಸಂಸ್ಥೆ ‘ವಿಜರ್ಡ್ಸ್ ಆಫ್ ದ ಕೋಸ್ಟ್’ 2000ದಿಂದ ನಡೆದುಬಂದಿದ್ದ ಮುಕ್ತ ಪರವಾನಗಿಯನ್ನು ಬದಲಿಸಲು ಹೊರಟಾಗ ಆಟಗಾರರಿಂದ ತೀವ್ರ ವಿರೋಧ ಎದ್ದಿತು. ಸಂಸ್ಥೆ ಹಿಂದೆ ಸರಿದು, 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಬಿಡುಗಡೆ ಮಾಡಿತು. ಮೂಲವನ್ನು ಹೆಸರಿಸಿ, ಬದಲಾವಣೆ ಮಾಡಿರುವುದನ್ನು ಸೂಚಿಸಿದರೆ ಅದನ್ನು ಯಾರೂ ನಕಲು ಮಾಡಬಹುದು, ಅನುವಾದಿಸಬಹುದು, ಅಚ್ಚು ಹಾಕಿಸಬಹುದು. ಅನುಮತಿಗಾಗಿ ಪತ್ರ ಬರೆಯಬೇಕಾಗಿಲ್ಲ, ಶುಲ್ಕವೂ ಇಲ್ಲ. ಮೇಲೆ ವಿವರಿಸಿದ ಚಲನೆಯ ಮುಖ್ಯ ನಿಯಮಗಳು ಆ ಸಂಗ್ರಹದಲ್ಲಿಯೇ ಇವೆ. ಪುಸ್ತಕದ ಚಿತ್ರಗಳಿಗೂ ಸಂಗ್ರಹದಲ್ಲಿ ಸೇರದ ಭಾಗಗಳಿಗೂ ಈ ಅನುಮತಿ ಅನ್ವಯಿಸದು ಎಂಬುದನ್ನು ಮಾತ್ರ ನೆನಪಿನಲ್ಲಿಡಬೇಕು.

ಹೀಗಿರುವಾಗ, ರಜೆಯಲ್ಲಿ ಮಕ್ಕಳು ಈ ಆಟಕ್ಕೆ ಕುಳಿತರೆ ಹಿರಿಯರು ಮಾಡಬಹುದಾದ ಒಂದು ಕೆಲಸವಿದೆ. ಆಟಕ್ಕೆ ಮೊದಲು ಅರ್ಧ ಗಂಟೆ ತೆಗೆದಿಟ್ಟು, ಚಲನೆಯ ನಿಯಮಗಳನ್ನು ಮಕ್ಕಳಿಂದಲೇ ಕನ್ನಡದಲ್ಲಿ ಒಂದು ಪುಟಕ್ಕೆ ಬರೆಯಿಸಬೇಕು. ಯಾವ ಆವೃತ್ತಿ ಎಂಬುದು ಮೊದಲ ಸಾಲು. ಮುಂದೆ ಬರಿ ನೆಲ, ದುರ್ಗಮ ನೆಲ, ಓರೆ ಚೌಕ, ಏಳುವುದು, ತೆವಳುವುದು, ಇತರರ ಚೌಕವನ್ನು ಹಾಯುವುದು, ಇವುಗಳ ಖರ್ಚು. ಬಳಿಕ ಅವಕಾಶದ ಹೊಡೆತ ಯಾವಾಗ ಬೀಳುತ್ತದೆ, ಯಾವಾಗ ಇಲ್ಲ. ಕೊನೆಯಲ್ಲಿ, ಪುಸ್ತಕದಲ್ಲಿ ಉತ್ತರವಿಲ್ಲದಾಗ ನಿರ್ವಾಹಕನು ಹೆಜ್ಜೆಗೆ ಮೊದಲೇ ತೀರ್ಮಾನ ಹೇಳಬೇಕು, ಆ ತೀರ್ಮಾನ ಅಂದಿನ ಆಟ ಮುಗಿಯುವವರೆಗೆ ಎಲ್ಲರಿಗೂ ಒಂದೇ ರೀತಿ ಅನ್ವಯಿಸಬೇಕು ಎಂಬ ಸಾಲು. ಎಲ್ಲರೂ ಕೆಳಗೆ ಹೆಸರು ಬರೆಯಲಿ. ಮಕ್ಕಳು ಬರೆಯುವ ಕನ್ನಡ ಪದಗಳು ಮೇಲಿನ ಪದಗಳೇ ಆಗಬೇಕಾಗಿಲ್ಲ. ಅವರಿಗೆ ಇದಕ್ಕಿಂತ ಒಳ್ಳೆಯ ಪದಗಳು ಹೊಳೆಯಬಹುದು.

ಆ ಹಾಳೆ ಮೇಜಿನ ನಡುವೆ ಇದ್ದರೆ ಜಗಳ ಪೂರ್ತಿ ನಿಲ್ಲುತ್ತದೆ ಎಂದೇನೂ ಅಲ್ಲ. ಆದರೆ ಮೇಜಿನ ಮೂಲೆಯಲ್ಲಿ ಕುಳಿತ, ದನಿ ಏರಿಸಲಾರದ ಮಗುವೂ ಬೆರಳಿಟ್ಟು ಸಾಲನ್ನು ತೋರಿಸಿ, ‘ಏಳುವುದಕ್ಕೆ 15 ಸಾಕು, ನನ್ನ ಬಳಿ ಇನ್ನೂ 15 ಉಳಿದಿದೆ’ ಎಂದು ಹೇಳಬಲ್ಲದು. ಅದನ್ನು ಕೇಳಿದವರು ಒಪ್ಪಲೇಬೇಕಾಗುತ್ತದೆ.